ಎರಡು ಬೀಗದ ಗೂಡು

ಅಮೀನರು ಕೆಲಸದಿಂದ ನಿವೃತ್ತರಾಗಿ ಬಹಳ ಕಾಲವಾಗಿತ್ತು. ಕೆಲಸ ಮಾತ್ರ ಅವರಿಂದ ನಿವೃತ್ತವಾಗಿರಲಿಲ್ಲ. ಕೋರ್ಟಿನ ನೋಟೀಸನ್ನು ಜನರ ಮನೆಬಾಗಿಲಿಗೆ ಮುಟ್ಟಿಸುವುದು, ಕೈಚಾಚದವರ ಬಾಗಿಲಿಗೆ ಅಂಟಿಸುವುದು, ಹುಕುಂ ಬಂದರೆ ಬೀರು ಮಂಚಗಳನ್ನು ಜಪ್ತಿ ಮಾಡುವುದು, ಇದರಲ್ಲೇ ಆಯುಸ್ಸು ಸವೆಸಿದ ಅವರಿಗೆ ಜಗತ್ತಿನ ವಸ್ತುಗಳೆಲ್ಲ ಎರಡೇ ಬಗೆಯಾಗಿ ಕಾಣುತ್ತಿದ್ದವು: ತಮ್ಮ ವಶದಲ್ಲಿರುವಂಥವು, ತಮ್ಮ ವಶಕ್ಕೆ ಬರಬೇಕಾದಂಥವು. ನಾಳೆ ಹಾಲು ಬೇಡ ಎಂದು ಹಾಲಿನವನಿಗೆ ಹೇಳುವುದಕ್ಕೂ ಅವರು 'ಈ ಮೂಲಕ ತಿಳಿಸುವುದೇನೆಂದರೆ' ಎಂದೇ ಶುರುಮಾಡುತ್ತಿದ್ದರು. ಹಾಲಿನವನು ವಾಕ್ಯ ಮುಗಿಯುವವರೆಗೆ ಕಾಯದೆ ಸೈಕಲ್ ಹತ್ತಿ ಹೋಗುತ್ತಿದ್ದ. ಹೀಗಾಗಿ ಬೇಡವೆಂದ ದಿನವೂ ಹಾಲು ಬರುತ್ತಿತ್ತು.

ಅವರಿದ್ದದ್ದು ಅಪ್ಪ ಕಟ್ಟಿಸಿದ ಎರಡಂತಸ್ತಿನ ಮನೆಯಲ್ಲಿ. ಮೇಲಿನದು ಅಮೀನರ ಪಾಲು, ಕೆಳಗಿನದು ತಂಗಿಯ ಪಾಲು. ನಡುವಿನ ಮೆಟ್ಟಿಲು ಇಬ್ಬರಿಗೂ ಸೇರಿದ್ದು, ಆದ್ದರಿಂದ ಅದನ್ನು ಯಾರೂ ಗುಡಿಸುತ್ತಿರಲಿಲ್ಲ. ತಂಗಿ ಹೆರಿಗೆ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು. ಅರ್ಧ ಊರಿನ ಅಳು ಮೊದಲು ಕೇಳಿಸಿದ್ದು ಈಕೆಯ ಕಿವಿಗೆ, ಮೊದಲ ಬೈಗುಳ ಆ ಅರ್ಧ ಊರಿಗೆ ಸಿಕ್ಕಿದ್ದೂ ಈಕೆಯ ಬಾಯಿಂದಲೇ. ಇಡೀ ಬೀದಿ ಆಕೆಯನ್ನು ಸಿಸ್ಟರ್ ಎಂದು ಕರೆಯುತ್ತಿತ್ತು. ಒಡಹುಟ್ಟಿದವನೊಬ್ಬ ಮಾತ್ರ ಏನೆಂದೂ ಕರೆಯುತ್ತಿರಲಿಲ್ಲ.

ಮಾತು ನಿಂತಿತ್ತೆಂದರೆ ಮೌನವಾಗಿದ್ದರು ಎಂದೇನೂ ಅಲ್ಲ. ಕೆಳಗಿನ ಹಿತ್ತಿಲ ಜಗಲಿಯ ಮೇಲೆ ಒಂದು ಗೂಡು, ಗೂಡಿನಲ್ಲಿ ಒಂದು ಹೆಣ್ಣುಮೊಲ. ಇಬ್ಬರೂ ಅದರ ಜೊತೆ ಮಾತಾಡುತ್ತಿದ್ದರು, ಇನ್ನೊಬ್ಬರಿಗೆ ಕೇಳಿಸುವಷ್ಟು ಗಟ್ಟಿಯಾಗಿ. 'ನೋಡೇ, ಕೆಲವರಿಗೆ ಬಕೆಟ್ಟು ಬೀಳಿಸದೆ ಸ್ನಾನ ಮಾಡೋಕೆ ಬರಲ್ಲ' ಎಂದು ತಂಗಿ ಕೆಳಗಿಂದ. 'ನೋಡಮ್ಮ, ಕೆಲವರ ರೇಡಿಯೋಗೆ ಕಿವಿ ಇಲ್ಲ, ಬರೀ ಬಾಯಿ' ಎಂದು ಅಮೀನರು ಮೇಲಿನ ಬಾಲ್ಕನಿಯ ಕಟಕಟೆಯಿಂದ. ಮೊಲ ಹುಲ್ಲು ಜಗಿಯುತ್ತ ಇಬ್ಬರ ಮಾತಿಗೂ ಒಂದೇ ಸಮನೆ ಮೂಗು ಅಲ್ಲಾಡಿಸುತ್ತಿತ್ತು.

ಮೊಲದ ಹೆಸರು ಯಜಮಾನಿ. ಹೆಸರಿಟ್ಟವರು ಅಮೀನರ ಹೆಂಡತಿ. ಮದುವೆಯಾದ ಹೊಸದರಲ್ಲಿ ಆಕೆ ಒಂದು ಜೋಡಿ ತಂದು ಸಾಕತೊಡಗಿದ್ದರು. ಆ ಸಂತಾನದಲ್ಲಿ ಹುಟ್ಟುತ್ತಿದ್ದ ಬಿಳಿಯ ಮೊಲಗಳಿಗೆಲ್ಲ ಮೂಗಿನ ಎಡಗಡೆ ಮಾತ್ರ, ಒಲೆ ಒರೆಸಿದ ಕೈಯಿಂದ ಯಾರೋ ಮುಟ್ಟಿದ ಹಾಗೆ, ಮಸಿಬಣ್ಣದ ಒಂದು ಮಚ್ಚೆ. ಮಚ್ಚೆ ತಪ್ಪಿಹೋಗದಂತೆ, ಒಳಗೊಳಗೇ ಕೂಡಿಸಿ ಮರಿಗಳು ಸೊರಗದಂತೆ, ಆಗಾಗ ಹೊರಗಿನ ಗಂಡನ್ನು ತಂದು ಆಕೆ ವಂಶವನ್ನು ನಡೆಸಿಕೊಂಡು ಬಂದಿದ್ದರು. ಕೊನೆಗೆ ತಂದ ಗಂಡಿಗೆ ಅಳಿಯ ಎಂದು ಹೆಸರು. ಮನೆಯಳಿಯ ತಾನೇ, ತಿಂದು ಮಲಗುವುದಕ್ಕೆ ನಾಚಿಕೆ ಯಾಕೆ ಎಂದು ಆಕೆ ನಗುತ್ತಿದ್ದರು.

ಆಕೆ ಆಸ್ಪತ್ರೆ ಸೇರಿದ್ದು ಬೇಸಿಗೆಯ ನಡುವೆ. ನೋಡಲು ಬರುವ ನೆಂಟರಿಗೆ ವಾಸನೆ ಹೊಡೆಯಬಾರದೆಂದು ಅಮೀನರು ನೆರಳಿನ ಕಟಕಟೆಯಲ್ಲಿದ್ದ ಗೂಡುಗಳನ್ನು ತಾರಸಿಯ ತಗಡಿನ ಮಾಡಿನ ಕೆಳಗೆ ಸಾಗಿಸಿದರು. ಮೊಲ ಬೆವರುವುದಿಲ್ಲ, ಒಳಗಿನ ಕಾವನ್ನು ಹೊರಹಾಕಲು ಅದಕ್ಕಿರುವುದು ಹೆಚ್ಚುಕಮ್ಮಿ ಆ ಎರಡು ಕಿವಿಗಳೇ. ತಗಡು ಕಾದರೆ ಕಿವಿಗಳಾದರೂ ಏನು ಮಾಡಿಯಾವು? ಆಸ್ಪತ್ರೆಯಿಂದ ಬಂದು ನೋಡುವಾಗ ಎಲ್ಲವೂ ಉದ್ದಕ್ಕೆ ಕಾಲುಚಾಚಿ ಮಲಗಿದ್ದವು. ನೀರಿನ ತೊಟ್ಟಿಯ ನೆರಳಿನಲ್ಲಿದ್ದ ಅಳಿಯ ಒಬ್ಬ ಉಳಿದ. ಬಸಿರಿಯಾಗಿದ್ದ ಯಜಮಾನಿಯನ್ನು ಹೆಂಡತಿ ಮೊದಲೇ ನಾದಿನಿಯ ಕೈಗೆ ಒಪ್ಪಿಸಿ ಹೋಗಿದ್ದರಿಂದ ಅದೂ ಉಳಿಯಿತು. ಅದೇ ವಾರ ಹೆಂಡತಿ ತೀರಿಕೊಂಡರು.

ತಂಗಿ ಅಣ್ಣನಿಗೆ ಹೇಳಿದ ಕೊನೆಯ ನೇರ ಮಾತು, ಮೊಲ ಬೇಯಿಸಿದವನ ಕೈಗೆ ಇನ್ನೊಂದು ಮೊಲ ಕೊಡುವುದಿಲ್ಲ ಎಂಬುದು.

ಆದರೆ ಆಕೆಯ ಲೆಕ್ಕವೂ ಚೊಕ್ಕವಾಗಿರಲಿಲ್ಲ. ಯಜಮಾನಿ ಕೆಳಗೆ ಮರಿ ಹಾಕಿದಾಗ, ತಾಯಿ ಮರಿಗಳ ಹತ್ತಿರ ಕೂರುವುದೇ ಇಲ್ಲ ಎಂದು ಸಿಸ್ಟರ್ ಕೆಂಡಾಮಂಡಲವಾದಳು. ಹಾಲೂಡಿಸಲು ಸೋಮಾರಿತನ ಮಾಡುವ ಬಾಣಂತಿಯರನ್ನು ಆಕೆ ಎಷ್ಟೋ ನೋಡಿದ್ದಳು, ಎಲ್ಲರನ್ನೂ ದಾರಿಗೆ ತಂದಿದ್ದಳು. ಮರಿಗಳನ್ನು ದೀಪದ ಕೆಳಗೆ ತಂದಿಟ್ಟು, ಗಂಟೆಗೊಮ್ಮೆ ಯಜಮಾನಿಯನ್ನು ಎತ್ತಿ ಅವುಗಳ ಮೇಲೆ ಒತ್ತಿ ಹಿಡಿದಳು. ಬೆಳಕು, ಸದ್ದು, ಮೈಮೇಲೆ ಮನುಷ್ಯರ ಕೈ. ಹೆದರಿದ ಮೊಲ ಹಿಂಗಾಲು ಅಪ್ಪಳಿಸಿತು, ಎಗರಿತು, ತನ್ನ ಮರಿಗಳ ಮೇಲೆಯೇ ಬಿತ್ತು. ಎರಡು ದಿನ ಕಳೆಯುವಷ್ಟರಲ್ಲಿ ಒಂದೂ ಉಳಿಯಲಿಲ್ಲ.

ಮೇಲಿನವರು ಬೇಯಿಸಿದರು, ಕೆಳಗಿನವಳು ತುಳಿಸಿದಳು. ಸಮಬಲವಾದ್ದರಿಂದ ಜಗಳ ಗಟ್ಟಿಯಾಗಿ ನಿಂತಿತು.

ಈಗ ಯಜಮಾನಿಗೆ ವಯಸ್ಸಾಗುತ್ತಿತ್ತು. ಉಗುರು ಕತ್ತರಿಸಲು ಬಂದ ಪಶುವೈದ್ಯೆ, ಮಾತಿಗಿಂತ ಕೈ ಚುರುಕಾಗಿದ್ದ ಹುಡುಗಿ, ಇನ್ನೊಂದು ಸಲ ಮರಿ ಹಾಕಿದರೆ ಹಾಕಿತು, ಆಮೇಲೆ ಅದನ್ನು ಪೀಡಿಸಬೇಡಿ ಎಂದು ಹೇಳಿಹೋದಳು. ಇದನ್ನು ಅಮೀನರು ಕಟಕಟೆಯಲ್ಲಿ ಬಟ್ಟೆ ಒಣಹಾಕುವವರಂತೆ ನಟಿಸುತ್ತ ಕೇಳಿಸಿಕೊಂಡರು. ಒದ್ದೆಯಿಲ್ಲದ ಒಂದೇ ಟವೆಲನ್ನು ಮೂರು ಸಲ ಹರವಿದರು. ಮಸಿಮೂಗಿನ ಮೊಲ ಇಡೀ ಭೂಮಿಯ ಮೇಲೆ ಇದ್ದದ್ದು ಇದೊಂದೇ. ಇದು ಹೋದರೆ ಹೆಂಡತಿ ಅಷ್ಟು ವರ್ಷ ಕೈಯಾರೆ ನಡೆಸಿದ್ದು ಪೂರ್ತಿ ಮುಗಿದಂತೆ. ಅದನ್ನು ಮುಗಿಸಿದವರು ಯಾರು ಎಂಬ ಪ್ರಶ್ನೆಗೆ ಅರ್ಧ ಉತ್ತರ ತಾವೇ ಎಂಬುದು ಅವರಿಗೆ ಗೊತ್ತಿತ್ತು. ಉಳಿದರ್ಧ ಕೆಳಗಿನ ಮನೆಯಲ್ಲಿದೆ ಎಂಬುದೊಂದೇ ಸಮಾಧಾನ.

ಹೆಣ್ಣು ಆಕೆಯ ವಶದಲ್ಲಿ, ಗಂಡು ಇವರ ವಶದಲ್ಲಿ. ಅಮೀನರು ಯೋಚಿಸಿದರು. ಸರ್ವೀಸಿನಲ್ಲಿ ಒಂದು ದಿನವೂ ಅವರು ಕಕ್ಷಿದಾರರನ್ನು ತಮ್ಮ ಬಳಿಗೆ ಕರೆಸಿಕೊಂಡವರಲ್ಲ. ಅಮೀನ ತಾನೇ ಬಾಗಿಲಿಗೆ ಹೋಗಬೇಕು, ಬಾಗಿಲಲ್ಲಿ ನಿಂತು ಜಾರಿ ಮಾಡಬೇಕು. ಅದರಂತೆ ಒಂದು ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅಳಿಯನನ್ನು ಬುಟ್ಟಿಯಲ್ಲಿ ಕೂರಿಸಿಕೊಂಡು, ಸಿಸ್ಟರ್ ಮಾರುಕಟ್ಟೆಗೆ ಹೋದ ಹೊತ್ತು ನೋಡಿ ಮೆಟ್ಟಿಲಿಳಿದರು. ಯಜಮಾನಿಯ ಗೂಡಿನ ಬಾಗಿಲು ತೆಗೆದು, ಗಂಟಲು ಸರಿಮಾಡಿಕೊಂಡು, ಅಳಿಯನನ್ನು ಒಳಗೆ ಬಿಟ್ಟರು.

ಅಳಿಯ ಸಂತೋಷದಿಂದ ಮೂಲೆಮೂಲೆಗೆ ಗದ್ದ ಉಜ್ಜತೊಡಗಿದ. ಮೊಲಕ್ಕೆ ಗದ್ದದಡಿಯಲ್ಲಿ ವಾಸನೆಯ ಗ್ರಂಥಿ ಇರುತ್ತದೆ. ಉಜ್ಜಿದ ಜಾಗವೆಲ್ಲ ತನ್ನದೆಂದು ಅದರ ಸಾರಾಂಶ. ಹೆಚ್ಚೂಕಡಿಮೆ ನೋಟೀಸು ಅಂಟಿಸಿದ ಹಾಗೆ. ಅಮೀನರಿಗೆ ಮೆಚ್ಚುಗೆಯಾಯಿತು. ಯಜಮಾನಿಗೆ ಆಗಲಿಲ್ಲ. ಗುರ್ರೆಂದಿತು. ಮೊಲ ಗುರ್ರೆನ್ನುತ್ತದೆಂದು ಅಮೀನರಿಗೆ ತಿಳಿದದ್ದೇ ಆಗ. ಮರುಕ್ಷಣ ಗೂಡೆಲ್ಲ ಬಿಳಿಯ ಕೂದಲು ಹಾರಾಡಿತು. ಅಳಿಯನ ಕಿವಿಯ ತುದಿ ಹರಿದು ಜೋತಾಡುತ್ತಿತ್ತು. ಬಿಡಿಸಲು ಕೈಹಾಕಿದ ಅಮೀನರ ಹೆಬ್ಬೆರಳಿಗೆ ಯಜಮಾನಿಯ ಹಲ್ಲು ಎಲುಬು ಮುಟ್ಟುವಷ್ಟು ಇಳಿಯಿತು. ಗಾಬರಿಯಲ್ಲಿ ಅವರು ಅಳಿಯನ ಕಿವಿ ಹಿಡಿದು ಎಳೆದರು, ಅಳಿಯ ಹಿಂಗಾಲಿನಿಂದ ಅವರ ಇಸ್ತ್ರಿ ಅಂಗಿಯನ್ನು ಎದೆಯಿಂದ ಹೊಟ್ಟೆಯವರೆಗೆ ಸೀಳಿದ.

ಮಾರುಕಟ್ಟೆಯ ಚೀಲ ಹಿಡಿದು ಸಿಸ್ಟರ್ ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು. ನೋಡಿದಳು. ಆಮೇಲೆ ಯಜಮಾನಿಗೆ ಹೇಳಿದಳು: 'ಹೆರಿಗೆ ವಾರ್ಡಿಗೆ ಗಂಡಸರನ್ನ ಯಾಕೆ ಬಿಡಲ್ಲ ಅಂತ ಈಗಾದ್ರೂ ಕೆಲವರಿಗೆ ಗೊತ್ತಾಯ್ತಾ ಕೇಳೇ.'

ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು, ಅಳಿಯನ ಕಿವಿ ಹೊಲಿಸಲು ಹೋದ ಅಮೀನರಿಗೆ ಪಶುವೈದ್ಯೆ ಎರಡು ಸಂಗತಿ ಹೇಳಿದಳು. ಒಂದು, ಮೊಲವನ್ನು ಕಿವಿ ಹಿಡಿದು ಎತ್ತಬಾರದು. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ, ಮೈಗೆ ಒತ್ತಿಕೊಂಡು. ಜೋತಾಡಿಸಿದರೆ ಅದು ಒದೆಯುವ ರಭಸಕ್ಕೆ ಅದರ ಬೆನ್ನೇ ಮುರಿಯಬಹುದು. ಎರಡು, ಗಂಡನ್ನು ಹೆಣ್ಣಿನ ಗೂಡಿಗೆ ಎಂದೂ ಬಿಡಬಾರದು. ಹೆಣ್ಣನ್ನೇ ಗಂಡಿನ ಗೂಡಿಗೆ ಒಯ್ಯಬೇಕು. ತನ್ನ ಗೂಡಿನಲ್ಲಿ ಅದು ಯಜಮಾನಿ, ಬಂದವನು ಕಳ್ಳ. ಗಂಡಿನ ಗೂಡಿನಲ್ಲಿ ಅದು ಅತಿಥಿ, ಸ್ವಲ್ಪ ಮರ್ಯಾದೆಯಿಂದ ಇರುತ್ತದೆ.

ಅಮೀನರಿಗೆ ಮೊದಲ ಬಾರಿ ಒಬ್ಬ ಪಶುವೈದ್ಯರ ಮಾತು ಕೋರ್ಟಿನ ತೀರ್ಪಿನಷ್ಟು ಇಷ್ಟವಾಯಿತು. ತಂಗಿಯೇ ಮೆಟ್ಟಿಲು ಹತ್ತಿ ಬರಬೇಕೆಂಬುದು ಈಗ ತಮ್ಮ ಹಠವಲ್ಲ, ಪ್ರಕೃತಿಯ ಹುಕುಂ. ಸಂಜೆ ಕಟಕಟೆಯಲ್ಲಿ ನಿಂತು ಅದನ್ನು ಯಜಮಾನಿಗೆ ಓದಿ ಹೇಳಿದರು, ತಮ್ಮ ಹೆಬ್ಬೆರಳಿನ ವಿಷಯ ಬಿಟ್ಟು.

ಕೆಳಗಿನಿಂದ ಬಹಳ ದಿನ ಉತ್ತರ ಕೊಟ್ಟದ್ದು ರೇಡಿಯೋ ಒಂದೇ. ಆಮೇಲೊಂದು ಮುಂಜಾನೆ, ಬಿಸಿಲೇರುವ ಮುಂಚೆ, ಮೆಟ್ಟಿಲ ಮೇಲೆ ಮಂಡಿ ನೋವಿನ ಹೆಜ್ಜೆ ಕೇಳಿಸಿತು. ಅತ್ತಿಗೆ ಹೋದ ಮೇಲೆ ಸಿಸ್ಟರ್ ಮೇಲೆ ಬಂದದ್ದು ಅದೇ ಮೊದಲು. ಯಜಮಾನಿಯನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತು ಕೋಣೆಯನ್ನು ನೋಡಿದಳು. ಗೋಡೆಯ ಮೊಳೆಗೆ ಅತ್ತಿಗೆಯ ಕನ್ನಡಕ ಇನ್ನೂ ನೇತಾಡುತ್ತಿತ್ತು. ಏನಾದರೂ ಹೇಳುತ್ತಾಳೆಂದು ಅಮೀನರು ಕಾದರು.

'ಥೂ, ಏನು ಗಬ್ಬು' ಎಂದಳು, ಮೊಲಕ್ಕೆ.

ಅಳಿಯನ ಗೂಡಿನಲ್ಲಿ ಯಜಮಾನಿ ಗುರ್ರೆನ್ನಲಿಲ್ಲ. ಅಳಿಯ ಒಂದು ಸುತ್ತು ಹಾಕಿದ, ಇನ್ನೊಂದು ಸುತ್ತು, ಆಮೇಲೆ ಅಮೀನರು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಎಲ್ಲ ಮುಗಿದು, ಒಂದು ಕೀರಲು ಸದ್ದು ಮಾಡಿ ಪಕ್ಕಕ್ಕೆ ದೊಪ್ಪನೆ ಉರುಳಿದ. ಕಾಲು ಸೆಟೆದಿತ್ತು.

'ಕೊಂದಳು' ಎಂದರು ಅಮೀನರು. ಹೆಂಡತಿ ಇದ್ದಾಗ ಈ ಕೆಲಸಗಳೆಲ್ಲ ಅವರು ಕೋರ್ಟಿಗೆ ಹೋದ ಮೇಲೆ ನಡೆಯುತ್ತಿದ್ದವು.

ಸಿಸ್ಟರ್ ನಕ್ಕಳು. ತಡೆದುಕೊಳ್ಳಲು ನೋಡಿ, ಆಗದೆ, ಮಂಡಿ ಹಿಡಿದುಕೊಂಡು ನಕ್ಕಳು. ಅಳಿಯ ಎದ್ದು ಮೈಕೊಡವಿ ಏನೂ ನಡೆದೇ ಇಲ್ಲವೆಂಬಂತೆ ಹುಲ್ಲಿಗೆ ಬಾಯಿ ಹಾಕಿದ. ಮೊಲದ ಗಂಡು ಬೀಳುವುದೇ ಹಾಗೆ, ಬಿದ್ದರೆ ಕೆಲಸವಾಯಿತೆಂದೇ ಅರ್ಥ. ಹೆಣ್ಣುಮೊಲಕ್ಕೂ ಕೂಡಿದ ಮೇಲೆಯೇ ಒಳಗೆ ಅಂಡ ಬಿಡುಗಡೆಯಾಗುವುದು. ಆಕೆ ಯಜಮಾನಿಯನ್ನು ಎತ್ತಿಕೊಂಡು ಮೆಟ್ಟಿಲಿಳಿಯುತ್ತ, ಎಲ್ಲ ಗಂಡಸರದೂ ಇಷ್ಟೇ ಪೌರುಷ ಎಂದು ಅದಕ್ಕೆ ತಿಳಿಹೇಳಿದಳು.

ತಿಂಗಳೊಂದು ಕಾಯಬೇಕಿತ್ತು. ಆ ತಿಂಗಳಲ್ಲಿ ಜಗಳ ಹೊಸ ಎತ್ತರಕ್ಕೇರಿತು. ಅಮೀನರು ಬಸಿರಿಯನ್ನು ನೋಡುವ ನೆಪದಲ್ಲಿ ಆಗಾಗ ಜಗಲಿಗೆ ಇಳಿದು ಗೂಡಿನೊಳಗೆ ಇಣುಕುತ್ತಿದ್ದರು. ಕೊನೆಯ ವಾರದಲ್ಲಿ ಸಿಸ್ಟರ್ ಮರದ ಪೆಟ್ಟಿಗೆಯೊಂದನ್ನು ಒಣಹುಲ್ಲು ತುಂಬಿ ಒಳಗಿಟ್ಟಾಗ, ಪೆಟ್ಟಿಗೆ ಓರೆಯಾಗಿದೆ ಎಂದು ಇವರು ಕೈಹಾಕಿ ನೇರ ಮಾಡಿದರು. ಮರುದಿನ ಗೂಡಿಗೆ ಬೀಗ ಬಿದ್ದಿತ್ತು.

ಬೀಗ. ಅಮೀನರಿಗೆ ಬೀಗ ಹಾಕಿ ಗೊತ್ತೇ ಹೊರತು ಹಾಕಿಸಿಕೊಂಡು ಗೊತ್ತಿರಲಿಲ್ಲ. ಮೇಲೆ ಹೋಗಿ ಟ್ರಂಕು ತೆರೆದು, ನಿವೃತ್ತಿಯ ದಿನ ಯಾರೂ ಕೇಳದಿದ್ದರಿಂದ ಹಿಂತಿರುಗಿಸದೆ ಉಳಿದಿದ್ದ ಹಿತ್ತಾಳೆಯ ದೊಡ್ಡ ಬೀಗ ತಂದು, ಅದೇ ಕೊಂಡಿಗೆ ಇನ್ನೊಂದು ಬೀಗ ಜಡಿದರು. ತಕರಾರಿರುವ ಸ್ವತ್ತಿಗೆ ಒಂದೇ ಪಕ್ಷದ ಬೀಗ ನಡೆಯುವುದಿಲ್ಲ ಎಂದು ಯಜಮಾನಿಗೆ ವಿವರಿಸಿದರು. ಕೀಲಿಯನ್ನು ದಾರಕ್ಕೆ ಕಟ್ಟಿ ಕುತ್ತಿಗೆಗೆ ಹಾಕಿಕೊಂಡರು. ಹುಲ್ಲು ನೀರು ಹೊರಗಿನಿಂದಲೇ ಹಾಕುವಂತಿತ್ತಾದ್ದರಿಂದ ಮೊಲಕ್ಕೇನೂ ತೊಂದರೆಯಾಗಲಿಲ್ಲ.

ಬೀಗ ನೋಡಿ ಪಶುವೈದ್ಯೆ ಹುಬ್ಬೇರಿಸಿದಳು. ಆಮೇಲೆ ಕೇಳಿದಳು: 'ಅಂದ್ರೆ ನೀವಿಬ್ರೂ ಒಟ್ಟಿಗೆ ಬರದೆ ಯಾರೂ ಇದನ್ನ ತೆಗೆಯೋಕಾಗಲ್ಲ?'

ಆಗುವುದಿಲ್ಲವೆಂದು ಇಬ್ಬರೂ ಬೇರೆಬೇರೆಯಾಗಿ ಹೆಮ್ಮೆಯಿಂದ ಹೇಳಿದರು.

'ಒಳ್ಳೇದು. ಹೀಗೇ ಇರಲಿ' ಎಂದಳು.

ಈ ಮನೆಯಲ್ಲಿ ಮೊಲಕ್ಕೆ ಬಂದ ಕೇಡೆಲ್ಲ ಪ್ರೀತಿಯ ಕೈಗಳಿಂದಲೇ ಬಂದಿತ್ತೆಂಬುದನ್ನು ಆಕೆ ಹೇಳಲಿಲ್ಲ. ಹೇಳಿದ್ದು ಇಷ್ಟು: ದಿನಕ್ಕೊಮ್ಮೆ ತೆಗೆಯಿರಿ, ಸತ್ತ ಮರಿ ಇದ್ದರೆ ಎತ್ತಿ, ಗೂಡು ಮುಚ್ಚಿಬಿಡಿ. ತಾಯಿ ದಿನಕ್ಕೆ ಒಂದೋ ಎರಡೋ ಸಲ, ಕೆಲವೇ ನಿಮಿಷ ಹಾಲೂಡುತ್ತದೆ, ಹೆಚ್ಚಾಗಿ ನಸುಕಿನಲ್ಲಿ. ಉಳಿದ ಹೊತ್ತು ದೂರ ಇರುವುದು ನಿರ್ಲಕ್ಷ್ಯವಲ್ಲ. ಕಾಡಿನಲ್ಲಿ ಮರಿಗಳ ಹತ್ತಿರವೇ ಕೂತರೆ ನರಿಗೆ ದಾರಿ ತೋರಿಸಿದಂತಾಗುತ್ತದೆ, ಆ ಬುದ್ಧಿ ಗೂಡಿಗೆ ಬಂದರೂ ಹೋಗಿಲ್ಲ. ಮರಿಯ ಹೊಟ್ಟೆ ದುಂಡಗಿದ್ದರೆ ಹಾಲು ಸಿಕ್ಕಿದೆ, ಚರ್ಮ ಸುಕ್ಕಾಗಿದ್ದರೆ ಇಲ್ಲ. ಸಿಸ್ಟರ್ ಈ ಮಾತನ್ನು ಗೋಡೆ ನೋಡುತ್ತ ಕೇಳಿದಳು. ದೀಪದ ಕೆಳಗೆ ತಾನು ಒತ್ತಿ ಹಿಡಿದದ್ದು ಆ ಗೋಡೆಯ ಮೇಲೆಯೇ ಬರೆದಿದ್ದಂತಿತ್ತು.

ಯಜಮಾನಿ ಎದೆಯ ಕೂದಲನ್ನು ಬಾಯಿಯಿಂದ ಕಿತ್ತು ಪೆಟ್ಟಿಗೆಗೆ ಹಾಸಿತು. ಒಂದು ಬೆಳಿಗ್ಗೆ ಆ ಕೂದಲ ರಾಶಿ ಉಸಿರಾಡುತ್ತಿತ್ತು. ಇಬ್ಬರೂ ಕೀಲಿ ಹಿಡಿದು ಬಂದರು. ಆಕೆ ತನ್ನ ಬೀಗ ತೆಗೆದಳು, ಇವರು ತಮ್ಮದು. ಒಳಗೆ ಬೆತ್ತಲೆ ಹೆಬ್ಬೆರಳುಗಳಂಥ ಮರಿಗಳು, ಒಂದರ ಮೇಲೊಂದು. ಸತ್ತದ್ದೊಂದಿತ್ತು, ಸಿಸ್ಟರ್ ಎತ್ತಿದಳು. ಮುಚ್ಚಿದರು. ಎರಡು ಬೀಗ, ಟಕ್, ಟಕ್.

ಮೊದಲ ದಿನಗಳಲ್ಲಿ ಆಕೆಗೆ ತಾಳ್ಮೆ ತಪ್ಪಿತು. ತಾಯಿ ಮೂಲೆಯಲ್ಲಿ ಕಣ್ಣುಮುಚ್ಚಿ ಕೂತಿದೆ, ಹಾಲಿಲ್ಲದೆ ಸಾಯುತ್ತವೆ, ಸ್ವಲ್ಪ ಕೀಲಿ ಕೊಡಲಿ ಎಂದು ಯಜಮಾನಿಯ ಮುಖಾಂತರ ಅರ್ಜಿ ಹಾಕಿದಳು. ಅಮೀನರು ಕೊಡಲಿಲ್ಲ. ಆಮೇಲೆ ಇವರ ಸರದಿ. ಮರಿಗಳ ಮೂಗಿನ ಮೇಲೆ ಮಸಿ ಬಂದಿದೆಯೋ ಎಂದು ನೋಡುವ ಆತುರ. ಒಂದು ಕ್ಷಣ ಸಾಕು ಎಂದರು. ಆಕೆ ಕೊಡಲಿಲ್ಲ. ಮರಿಗಳ ಹೊಟ್ಟೆ ಮಾತ್ರ ದಿನೇದಿನೇ ದುಂಡಗಾಗುತ್ತ ಹೋಯಿತು. ಬೇರೆ ಮನೆಯಲ್ಲಿ ಪ್ರೀತಿಯಿಂದ ಸಿಗುವ ಶಾಂತಿ ಯಜಮಾನಿಗೆ ಈ ಮನೆಯಲ್ಲಿ ದ್ವೇಷದಿಂದ ಸಿಕ್ಕಿತ್ತು.

ಅಮೀನರಿಗೆ ಇದರಿಂದ ತಲೆ ನಿಲ್ಲಲಿಲ್ಲ. ಬೀದಿ ಮೂಲೆಯ ಕ್ಷೌರದಂಗಡಿಯಲ್ಲಿ ಅದೇ ಮಾತು. ಆವತ್ತೂ ಅಷ್ಟೆ: ಒಂದು ಕೆನ್ನೆ ಬೋಳಿಸಿ ಇನ್ನೊಂದಕ್ಕೆ ನೊರೆ ಹಚ್ಚಿದ್ದಾಗ, ಕುರ್ಚಿಯಲ್ಲಿ ನೆಟ್ಟಗೆ ಕೂತು, ತಮ್ಮ ಒಂದು ಬೀಗದಿಂದ ಮೊಲದ ವಂಶವೊಂದು ಹೇಗೆ ಉಳಿಯಿತೆಂದು ಬಣ್ಣಿಸುತ್ತಿದ್ದರು. ಕೆಳಗಿರುವ ಮಹಾತಾಯಿಯ ಕೈಗೆ ಗೂಡು ಸಿಕ್ಕಿದ್ದರೆ ಇಷ್ಟು ಹೊತ್ತಿಗೆ ಮರಿಗಳಿಗೆ ಮಣ್ಣು ಮುಚ್ಚಬೇಕಿತ್ತು ಎಂದು ಹೇಳುತ್ತಿದ್ದಂತೆ ಎದುರಿನ ಕನ್ನಡಿಯಲ್ಲಿ ಆ ಮಹಾತಾಯಿ ಕಾಣಿಸಿದಳು. ಕಾಲಲ್ಲಿ ಚಪ್ಪಲಿಯಿಲ್ಲ. ಒಂದು ಕೈ ಮಂಡಿಯ ಮೇಲೆ, ಇನ್ನೊಂದು ಬಾಗಿಲ ಚೌಕಟ್ಟಿನ ಮೇಲೆ. ಕೇಳಿಸಿಕೊಂಡಳೋ ಇಲ್ಲವೋ ಮುಖ ನೋಡಿ ಗೊತ್ತಾಗುವಂತಿರಲಿಲ್ಲ.

'ಅಣ್ಣ' ಎಂದಳು. 'ಒಂದು ಮರಿ ಪೆಟ್ಟಿಗೆಯಿಂದ ಹೊರಗೆ ಬಿದ್ದಿದೆ. ಕೀಲಿ.'

ಕ್ಷೌರಿಕನ ಕತ್ತಿ ಗಾಳಿಯಲ್ಲಿ ನಿಂತಿತು. ಹಾಲು ಕುಡಿಯುತ್ತ ಮೊಲೆಗೆ ಕಚ್ಚಿಕೊಂಡ ಮರಿ ತಾಯಿ ಎಗರಿದಾಗ ಒಮ್ಮೊಮ್ಮೆ ಜೊತೆಗೇ ಹೊರಗೆ ಬಂದು ಬೀಳುತ್ತದೆ. ತಾಯಿಮೊಲ ಬೆಕ್ಕಿನಂತೆ ಅದನ್ನು ಕಚ್ಚಿ ಒಳಗಿಡುವುದಿಲ್ಲ. ಕೂದಲಿಲ್ಲದ ಮರಿ ಬಿದ್ದಲ್ಲೇ ತಣ್ಣಗಾಗುತ್ತದೆ. ಆಕೆ ತನ್ನ ಬೀಗ ತೆಗೆದು, ಸರಿಗೆಯ ಸಂದಿಯಲ್ಲಿ ಬೆರಳು ತೂರಿಸಿ ನೋಡಿದ್ದಳು, ಮುಟ್ಟಲಾಗಿರಲಿಲ್ಲ. ಬೀಗ ಒಡೆಯಬಹುದಿತ್ತು. ಸುತ್ತಿಗೆಯ ಒಂದು ಏಟಿಗೆ ಯಜಮಾನಿ ಹೆದರಿ ಪೆಟ್ಟಿಗೆಯೊಳಗೆ ಎಗರಿದರೆ ಉಳಿದವೂ ಹೋಗುತ್ತವೆಂದು ಆಕೆಗಿಂತ ಚೆನ್ನಾಗಿ ಬಲ್ಲವರು ಯಾರು? ಅದಕ್ಕೇ ಓಡಿ ಬಂದಿದ್ದಳು.

ಇಂಥ ಗಳಿಗೆಗೆ ಹೇಳಬೇಕೆಂದು ಅಮೀನರು ಎಷ್ಟೋ ಮಾತು ಸಿದ್ಧಮಾಡಿಟ್ಟಿದ್ದರು. ಅವೆಲ್ಲ ಕುರ್ಚಿಯಲ್ಲೇ ಉಳಿದವು. ಕೊರಳಿಗೆ ಕಟ್ಟಿದ ಕ್ಷೌರದ ಬಟ್ಟೆ, ಒಂದು ಕೆನ್ನೆಯ ನೊರೆ ಸಮೇತ ಎದ್ದು ಓಡಿದರು. ಬೀದಿಯಲ್ಲಿ ಜನ ನಿಂತು ನೋಡಿದರು. ಯಾರ ಮನೆ ಜಪ್ತಿಗೋ ಎಂದು ಹಾಲಿನವನು ಕೇಳಿದ. ಅಮೀನರು ತಿರುಗಿ ನೋಡಲಿಲ್ಲ.

ಗೂಡಿನ ಮುಂದೆ ಅವರು ಅವಸರದಲ್ಲಿ ಕೀಲಿಯನ್ನು ತಲೆಕೆಳಗಾಗಿ ತುರುಕಿದರು. ಹಿಂದೆ ಬಂದ ತಂಗಿ ದಾರ ಸಮೇತ ಕೀಲಿ ಎಳೆದಳು. ದಾರ ಇನ್ನೂ ಅವರ ಕುತ್ತಿಗೆಯಲ್ಲೇ ಇದ್ದದ್ದರಿಂದ ಅಮೀನರೂ ಬಗ್ಗಿದರು. ಹಾಗೆ ತಲೆಬಗ್ಗಿಸಿಕೊಂಡೇ ನಿಂತರು. ಬೀಗ ಬಿತ್ತು. ಆಕೆ ಸದ್ದಾಗದಂತೆ ಕೈಹಾಕಿ ಮರಿಯನ್ನು ತೆಗೆದಳು. ಬೆಣಚುಕಲ್ಲಿನಷ್ಟು ತಣ್ಣಗೆ, ಅಷ್ಟೇ ಗಟ್ಟಿ.

'ಹೋಯ್ತು' ಎಂದರು ಅಮೀನರು.

'ನೀನು ತೀರ್ಪು ಕೊಡಬೇಡ. ತಣ್ಣಗಿದೆ ಅಷ್ಟೇ. ಬೆಚ್ಚಗಾದ ಮೇಲೂ ಅಲ್ಲಾಡದಿದ್ರೆ ಆಗ ಹೇಳು, ಸತ್ತಿದೆ ಅಂತ.'

ಜಗಲಿಯ ಅಂಚಿನಲ್ಲಿ ಕೂತು ಮರಿಯನ್ನು ಬಟ್ಟೆಯೊಳಗೆ, ಹೊಟ್ಟೆಯ ಚರ್ಮಕ್ಕೆ ಒತ್ತಿ ಹಿಡಿದಳು. ಉಸಿರೇ ಇಲ್ಲದೆ ಬಂದ ಎಷ್ಟೋ ಕೂಸುಗಳ ಜೊತೆ ಕೂತ ಹಾಗೆ, ಎಲ್ಲೂ ನೋಡದೆ ಕೂತಳು. ಅಮೀನರು ಸ್ವಲ್ಪ ದೂರ ಬಿಟ್ಟು ಕೂತರು. ಕೆನ್ನೆಯ ನೊರೆ ಒಣಗಿ ಬಿಗಿಯುತ್ತಿತ್ತು. ಬಹಳ ಹೊತ್ತು ಏನೂ ಆಗಲಿಲ್ಲ.

'ನಿನ್ನ ಕಂಡ್ರೆ ನಂಗೆ ಯಾಕಾಗಲ್ಲ ಗೊತ್ತಾ?' ಎಂದಳು ತಂಗಿ, ಮೊಲಕ್ಕಲ್ಲ. 'ಮೊಲ ಸತ್ತವು ಅಂತ ಅಲ್ಲ. ಕೊನೇ ದಿನ ಅತ್ತಿಗೆ ಕೇಳಿದ್ರು, ಮೊಲಗಳು ಹೇಗಿವೆ ಅಂತ. ಚೆನ್ನಾಗಿವೆ ಅಂದೆ. ನಿನ್ನ ಮಾನ ಉಳಿಸೋಕೆ ಸಾಯೋರ ಹತ್ರ ಸುಳ್ಳು ಹೇಳಿದೆ. ಅದಕ್ಕೆ ನಾನು ನಿನ್ನ ಕ್ಷಮಿಸಲ್ಲ.'

ಅಮೀನರು ಕ್ಷೌರದ ಬಟ್ಟೆಯ ಅಂಚನ್ನು ಮಡಿಸಿದರು, ಬಿಡಿಸಿದರು.

'ನನ್ನನ್ನೂ ಕೇಳಿದಳು' ಎಂದರು. 'ನಾನೂ ಚೆನ್ನಾಗಿವೆ ಅಂದೆ. ಯಜಮಾನಿ ಮರಿ ಹಾಕಿದೆಯಾ ಅಂದಳು. ಹಾಕಿದೆ, ಎಲ್ಲಕ್ಕೂ ಮಸಿ ಮೂಗು ಅಂದೆ. ಆಗಿನ್ನೂ ಹಾಕಿರಲೇ ಇಲ್ಲ.'

ತಂಗಿ ತಿರುಗಿ ನೋಡಿದಳು. ಅಣ್ಣನ ಮುಖ ಒಂದು ಕಡೆ ನುಣ್ಣಗೆ, ಇನ್ನೊಂದು ಕಡೆ ಸುಣ್ಣ ಬಳಿದ ಗೋಡೆ. ಏನೋ ಹೇಳಲು ಬಾಯಿ ತೆರೆದಳು, ಅಷ್ಟರಲ್ಲಿ ತುಟಿ ಕಚ್ಚಿದಳು. ಹೊಟ್ಟೆಯ ಹತ್ತಿರ ಏನೋ ಮಿಸುಕಿತ್ತು. ಇನ್ನೊಂದು ಸಲ. ಬಟ್ಟೆ ಸರಿಸಿದಾಗ ಮರಿ ಬಾಯಿ ಕಳೆದು ಅವಳ ಹೊಕ್ಕುಳ ಪಕ್ಕದ ಚರ್ಮವನ್ನೇ ಹಾಲಿಗಾಗಿ ತಡಕಾಡುತ್ತಿತ್ತು.

ಅದನ್ನು ಒಳಗಿಟ್ಟು, ತಾಯಿಯ ಕೂದಲು ಹೊದಿಸಿ ಬಾಗಿಲು ಮುಚ್ಚಿದರು. ಯಜಮಾನಿ ಹಿಂಗಾಲಿನಿಂದ ಒಮ್ಮೆ ನೆಲ ಅಪ್ಪಳಿಸಿತು. ಇಬ್ಬರೂ ಹೊರಡಿರಿ ಎಂದು ಅದರ ಭಾಷೆ. ಇಬ್ಬರೂ ಹೊರಟರು. ಅಂಗಳದಲ್ಲಿ ಕ್ಷೌರಿಕ ತನ್ನ ಬಟ್ಟೆಗಾಗಿ ಕಾಯುತ್ತಿದ್ದ.

ಸಂಧಾನವಾಯಿತೆಂದು ಯಾರಾದರೂ ತಿಳಿದರೆ ತಪ್ಪು. ಮರುದಿನ ಬೆಳಿಗ್ಗೆ ಸಿಸ್ಟರ್ ಮತ್ತೆ ಮೊಲದ ಜೊತೆಗೇ ಮಾತಾಡಿದಳು. ಕೆಲವರು ಅರ್ಧ ಗಡ್ಡದಲ್ಲೇ ಲಕ್ಷಣವಾಗಿದ್ದರು ಎಂದಳು. ಆದರೆ ಮೆಟ್ಟಿಲ ನಡುವಿನ ಗೋಡೆಯಲ್ಲಿದ್ದ ಹಳೆಯ ಮೊಳೆಯೊಂದಕ್ಕೆ ಅಮೀನರು ತಮ್ಮ ಕೀಲಿಯನ್ನು ನೇತುಹಾಕಿದ್ದರು. 'ಈ ಮೂಲಕ ತಿಳಿಸುವುದೇನೆಂದರೆ, ಇದು ಕೊಟ್ಟದ್ದಲ್ಲ, ಇಟ್ಟದ್ದು' ಎಂದು ಗೋಡೆಗೆ ಹೇಳಿದರು. ಸಂಜೆಯ ಹೊತ್ತಿಗೆ ಆಕೆಯ ಕೀಲಿಯೂ ಅದೇ ಮೊಳೆಗೆ ಬಂತು, ಇವರದರ ಮೇಲೆ. ಇವರು ತಮ್ಮದನ್ನು ತೆಗೆಯಬೇಕಾದರೆ ಮೊದಲು ಅವಳದನ್ನು ಕೈಯಲ್ಲಿ ಹಿಡಿಯಬೇಕು. ಮರುದಿನ ಬೇಗ ಎದ್ದು ಅಮೀನರು ಅದಲುಬದಲು ಮಾಡಿದರು. ಅದರ ಮರುದಿನ ಅವಳು. ಕೀಲಿಗಳೆರಡೂ ಕೈಗೆಟಕುವಲ್ಲಿದ್ದರೂ, ಯಾರೂ ಒಬ್ಬರೇ ಹೋಗಿ ಗೂಡು ತೆಗೆಯಲಿಲ್ಲ. ತೆಗೆದರೆ ತಾಳ್ಮೆ ಮೊದಲು ತಪ್ಪಿದ್ದು ತಮಗೇ ಎಂದಾಗಿ ಇನ್ನೊಬ್ಬರು ಗೆದ್ದಂತಾಗುತ್ತಿತ್ತು.

ಮರಿಗಳು ಕಣ್ಣುಬಿಟ್ಟು, ಕೂದಲು ಬಂದು, ಪೆಟ್ಟಿಗೆಯ ಅಂಚು ಹತ್ತಿ ಜಗತ್ತನ್ನು ನೋಡುವಷ್ಟರಲ್ಲಿ ಮೂರಕ್ಕೆ ಮೂಗಿನ ಎಡಗಡೆ ಮಸಿ ಮೂಡಿತ್ತು. ಅಮೀನರು ಮೇಲಿನ ಕೋಣೆಗೆ ಹೋಗಿ, ಮೊಳೆಗೆ ನೇತಾಡುತ್ತಿದ್ದ ಕನ್ನಡಕದ ಧೂಳು ಒರೆಸಿ, ಅಲ್ಲೇ ತೂಗುಹಾಕಿ ಬಂದರು.

ತಣ್ಣಗಾಗಿ ಬದುಕಿದ ಮರಿಗೆ ಮಾತ್ರ ಮಸಿ ಬರಲಿಲ್ಲ. ಅಪ್ಪನ ಹಾಗೆ ಪೂರ್ತಿ ಬಿಳಿ. ಅದು ಗಂಡೆಂದು ಅಮೀನರು ಘೋಷಿಸಿದರು. ಹೆಣ್ಣೆಂದು ಸಿಸ್ಟರ್ ಹೇಳಿದಳು; ಹುಟ್ಟಿದ ಕೂಡಲೇ ಗಂಡೋ ಹೆಣ್ಣೋ ಹೇಳುವುದೇ ತನ್ನ ಜೀವಮಾನದ ಕೆಲಸವಾಗಿತ್ತು ಎಂದಳು. ಮೊಲದ ಮರಿಯಲ್ಲಿ ಅದನ್ನು ಗುರುತಿಸುವುದು ಪಳಗಿದವರಿಗೂ ಕಷ್ಟ, ಇನ್ನಷ್ಟು ಬೆಳೆಯಲಿ ಎಂದು ಪಶುವೈದ್ಯೆ ಹೇಳಿಕಳಿಸಿದಳು. ಅಲ್ಲಿಯವರೆಗೆ ಆ ಮರಿ ಯಾರ ಪಾಲಿಗೂ ಸೇರದೆ, ಮೆಟ್ಟಿಲ ಹಾಗೆ, ಇಬ್ಬರಿಗೂ ಸೇರಿದ್ದು. ಮೆಟ್ಟಿಲನ್ನು ಯಾರೂ ಗುಡಿಸುತ್ತಿರಲಿಲ್ಲ. ಮರಿಗೆ ಮಾತ್ರ ಬೆಳಿಗ್ಗೆ ಎರಡೆರಡು ಸಲ ಹುಲ್ಲು ಬೀಳುತ್ತಿತ್ತು, ಇನ್ನೊಬ್ಬರು ಹಾಕಿಲ್ಲವೆಂದೇ ಇಬ್ಬರೂ ನಂಬಿದ್ದರಿಂದ.